ಬೆಮರ್ಟನ್ ಹಳ್ಳಿಯ ಗಂಟೆ
(ಭಕ್ತನಾದ ಜಾರ್ಜ್ ಹರ್ಬರ್ಟನ ಚರಿತ್ರೆ)

ಕರ್ತನ ದಿನದಲ್ಲಿ ದೇವಾಲಯಕ್ಕೆ ಹೊರಡುವಾಗ ನಮ್ಮಲ್ಲಿ ಅನೇಕರ ಮನಸ್ಸು ಎರಡಾಗುವುದುಂಟು. ಬಿತ್ತನೆಯ ಹದ ತಪ್ಪೀತೆಂಬ ಚಿಂತೆ ಒಂದು ಕಡೆ, ಸಂತೆಯ ವ್ಯಾಪಾರ ಇನ್ನೊಂದು ಕಡೆ. ಬರುವ ವಾರ ಹೋದರಾಯಿತೆಂದುಕೊಳ್ಳುತ್ತೇವೆ. ಹಾಗೆಯೇ ವಾರಗಳು ತಿಂಗಳಾಗುತ್ತವೆ. ಆದಕಾರಣ ಉಳುವವರ ನಡುವೆ ಸೇವೆಮಾಡಿದ ಒಬ್ಬ ಸಭಾಪಾಲಕನ ಚರಿತ್ರೆಯನ್ನು ಈ ಸಾರಿ ನಿಮ್ಮ ಮುಂದಿಡುತ್ತೇವೆ.

ಜಾರ್ಜ್ ಹರ್ಬರ್ಟನು 1593ನೆಯ ಇಸವಿಯಲ್ಲಿ ವೇಲ್ಸ್ ಸೀಮೆಯ ಮಾಂಟ್‌ಗೊಮರಿ ಎಂಬ ಊರಲ್ಲಿ ದೊಡ್ಡ ಮನೆತನದೊಳಗೆ ಹುಟ್ಟಿದನು. ಎಳೆಯ ಪ್ರಾಯದಲ್ಲಿಯೇ ತಂದೆಯನ್ನು ಕಳಕೊಂಡ ಈತನನ್ನು ತಾಯಿಯು ದೈವಭಕ್ತಿಯಲ್ಲಿ ಬೆಳೆಯಿಸಿದಳು. ಕೇಂಬ್ರಿಜ್ ವಿದ್ಯಾಪೀಠದಲ್ಲಿ ಕಲಿತು, 1620ರಲ್ಲಿ ಆ ವಿದ್ಯಾಪೀಠದ ಪರವಾಗಿ ಅರಸರಿಗೂ ಪ್ರಭುಗಳಿಗೂ ಲತೀನ್ ಭಾಷೆಯಲ್ಲಿ ಪತ್ರ ಬರೆಯುವ ಮತ್ತು ಭಾಷಣಮಾಡುವ ಉದ್ಯೋಗಕ್ಕೆ ನೇಮಿಸಲ್ಪಟ್ಟನು. 1624ರಲ್ಲಿ ಪಾರ್ಲಿಮೆಂಟಿನ ಸದಸ್ಯನಾದನು. ಜೇಮ್ಸ್ ಅರಸನ ದಯೆಯಿಂದ ಉನ್ನತ ಪದವಿ ದೊರೆಯುವುದೆಂಬ ನಿರೀಕ್ಷೆಯೂ ಇತ್ತು. ಆದರೆ 1625ರಲ್ಲಿ ಆ ಅರಸನು ಮೃತನಾದನು. ಹರ್ಬರ್ಟನ ಮನಸ್ಸು ಕ್ರಮೇಣ ದೇವರ ಸೇವೆಯ ಕಡೆಗೆ ತಿರುಗಿತು.

1630ರಲ್ಲಿ ಈತನು ಸಾಲ್ಸ್‌ಬರಿ ಪಟ್ಟಣದ ಹತ್ತಿರವಿದ್ದ ಬೆಮರ್ಟನ್ ಎಂಬ ಸಣ್ಣ ಹಳ್ಳಿಗೆ ಸಭಾಪಾಲಕನಾಗಿ ಬಂದನು. ಅಲ್ಲಿಯ ದೇವಾಲಯವು ಬಹಳ ಚಿಕ್ಕದು. ಪದವಿಯನ್ನು ವಹಿಸುವ ದಿನ ಹೊಸ ಪಾಲಕನು ಒಬ್ಬನೇ ಒಳಗೆ ಹೋಗಿ ಗಂಟೆ ಬಾರಿಸುವುದು ಅಲ್ಲಿಯ ಪದ್ಧತಿ. ಹರ್ಬರ್ಟನು ಬಹಳ ಹೊತ್ತಾದರೂ ಹೊರಗೆ ಬರಲಿಲ್ಲ. ಸ್ನೇಹಿತನೊಬ್ಬನು ಕಿಟಕಿಯಿಂದ ನೋಡಲಾಗಿ, ಆತನು ದೇವರ ಸನ್ನಿಧಿಯಲ್ಲಿ ಬೋರಲು ಬಿದ್ದು ಪ್ರಾರ್ಥಿಸುತ್ತಿದ್ದನು. ಈತನ ಚರಿತ್ರೆಯನ್ನು 1670ರಲ್ಲಿ ಪ್ರಕಟಿಸಿದ ಐಸಾಕ್ ವಾಲ್ಟನನು ಇದನ್ನು ತಿಳಿಸಿದ್ದಾನೆ. ಮುಂದಿನ ಸಂಗತಿಗಳೂ ಆತನು ಬರೆದಿಟ್ಟವುಗಳೇ.

ದಿನಾಲು ಬೆಳಿಗ್ಗೆ ಹತ್ತು ಗಂಟೆಗೂ ಸಾಯಂಕಾಲ ನಾಲ್ಕು ಗಂಟೆಗೂ ಹರ್ಬರ್ಟನು ತನ್ನ ಹೆಂಡತಿಯನ್ನೂ ಮನೆಯವರೆಲ್ಲರನ್ನೂ ಕರಕೊಂಡು ದೇವಾಲಯಕ್ಕೆ ಹೋಗುತ್ತಿದ್ದನು. ಆರಾಧನೆಯಲ್ಲಿ ಪಾಪದ ಅರಿಕೆಯೂ ವೇದಪಾರಾಯಣವೂ ಸ್ತೋತ್ರವೂ ಏಕೆ ಇವೆ ಎಂಬದನ್ನು ಜನರಿಗೆ ಬಿಡಿಸಿ ಹೇಳಿದನು. ತಿಳಿಯದೆ ಕೂತುಕೊಳ್ಳುವವನಿಗೆ ಬೇಸರ ಬರುವುದು ಸಹಜವಲ್ಲವೇ? ಮೆಲ್ಲಮೆಲ್ಲನೆ ಊರವರಲ್ಲಿ ಬಹುಮಂದಿ ದಿನಕ್ಕೆ ಎರಡಾವರ್ತಿ ಕೂಡಿಬರುವವರಾದರು. ಬರಲಾರದೆ ಹೊಲದಲ್ಲಿದ್ದ ಕೆಲವರು ಗಂಟೆಯ ಧ್ವನಿ ಕೇಳಿದ ಕೂಡಲೇ ನೇಗಿಲನ್ನು ನಿಲ್ಲಿಸಿ, ನಿಂತಲ್ಲಿಯೇ ಪ್ರಾರ್ಥನೆಮಾಡಿ, ಬಳಿಕ ಉಳುಮೆಯನ್ನು ಮುಂದುವರಿಸುತ್ತಿದ್ದರು.

ಹರ್ಬರ್ಟನ ಶರೀರವು ಬಲಹೀನವಾದದ್ದು. ಕ್ಷಯರೋಗವು ಹೆಚ್ಚಿದಾಗಲೂ ಆತನು ಆರಾಧನೆಯನ್ನು ನಡಿಸುವುದನ್ನು ಬಿಡಲಿಲ್ಲ. ಒಂದು ದಿನ ಆತನು ಕಷ್ಟಪಟ್ಟು ಓದುವುದನ್ನು ಕಂಡು ಹೆಂಡತಿಯು ಮರುಗಿದಳು. ಆಗ ಆತನು ಹಟಮಾಡದೆ ಆ ಕೆಲಸವನ್ನು ತನ್ನ ಸಹಾಯಕನಿಗೆ ಒಪ್ಪಿಸಿ, ಮರುದಿನದಿಂದ ಕೇಳುವವರ ಸಾಲಿನಲ್ಲಿ ಕೂತುಕೊಂಡನು. ಬೋಧಿಸುವ ಶಕ್ತಿ ಹೋದರೂ ಕೂಡಿಬರುವ ವಾಡಿಕೆ ಹೋಗಲಿಲ್ಲ. 1633ರ ಮಾರ್ಚ್ ತಿಂಗಳಲ್ಲಿ, ನಾಲ್ವತ್ತು ವರುಷ ತುಂಬುವ ಮೊದಲೇ ಕರ್ತನಲ್ಲಿ ನಿದ್ರೆಹೋದನು. ಬೆಮರ್ಟನಿನಲ್ಲಿ ಆತನು ಇದ್ದದ್ದು ಮೂರು ವರುಷಕ್ಕೂ ಕಡಿಮೆ.

ಪ್ರಿಯರೇ, ಇದರಿಂದ ನಾವು ಏನು ಕಲಿಯೋಣ? ಮನಸ್ಸು ಬಂದಾಗ ಹೋಗುವೆವೆಂಬವನಿಗೆ ಮನಸ್ಸು ಬರುವುದೇ ಅಪರೂಪ. ಹೊತ್ತು ಗೊತ್ತುಮಾಡಿಕೊಂಡವನನ್ನಾದರೋ ಬಲಹೀನತೆಯ ದಿನದಲ್ಲಿಯೂ ಆ ವಾಡಿಕೆಯೇ ಕೈಹಿಡಿದು ನಡಿಸುವುದು. ಆದದರಿಂದ ಶನಿವಾರ ಸಂಜೆಯೇ ದನಗಳಿಗೆ ಮೇವು ಕೊಯ್ದಿಡೋಣ, ಮಕ್ಕಳ ಬಟ್ಟೆಯನ್ನು ಒಗೆದಿಡೋಣ. ಮನೆಯವರೆಲ್ಲರೂ ಒಟ್ಟಾಗಿ ಹೊರಡೋಣ. ರೋಗಿಯ ಆರೈಕೆಯೋ ಈಯುವ ಹಸುವೋ ನಮ್ಮನ್ನು ನಿಜವಾಗಿ ತಡೆದರೆ, ಬೆಮರ್ಟನಿನ ಆ ಉಳುವವರಂತೆ ಇದ್ದಲ್ಲಿಯೇ ತಲೆಬಾಗಿಸೋಣ. ಆದರೆ ತಡೆಯು ನಿಜವಾದದ್ದೋ ನೆವವೋ ಎಂಬದನ್ನು ದೇವರ ಮುಂದೆ ನಮ್ಮನ್ನು ನಾವೇ ಕೇಳಿಕೊಳ್ಳೋಣ.