ಸೋತ ಔಷಧಿಯೇ ದಾರಿ ತೋರಿತು



ನಮ್ಮ ಹೂವಿನ ಹಿಪ್ಪರಗಿಯಂಥ ಊರಿನಲ್ಲಿ ಮಗುವಿಗೆ ರಕ್ತದ ಕ್ಯಾನ್ಸರ್ ಎಂದು ತಿಳಿದರೆ ಮನೆಮಂದಿ ಕೈಚೆಲ್ಲಿ ಕೂಡುತ್ತಾರೆ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋದರೂ ಪ್ರಯೋಜನವೇನು ಎನ್ನುತ್ತಾರೆ. ಅಂಥವರು ಯಲ್ಲಾಪ್ರಗಡ ಸುಬ್ಬರಾವ್ ಅವರ ಬದುಕನ್ನು ಅರಿಯಬೇಕು.

ನೆರೆಯ ಆಂಧ್ರದ ಭೀಮವರಂನಲ್ಲಿ 1895ರಲ್ಲಿ ಹುಟ್ಟಿದ ಅವರು ಬಡತನದಲ್ಲೇ ಬೆಳೆದರು. ಮದರಾಸಿನಲ್ಲಿ ವೈದ್ಯಕೀಯ ಓದುವಾಗ ಖಾದಿ ತೊಟ್ಟು ಪ್ರಾಧ್ಯಾಪಕರ ಸಿಟ್ಟಿಗೆ ಗುರಿಯಾದರು. ದೊರೆತದ್ದು ಕೆಳದರ್ಜೆಯ ಪದವಿ ಮಾತ್ರ. ಸ್ಪ್ರೂ ಎಂಬ ಕರುಳಿನ ಬೇನೆ ಅವರ ಇಬ್ಬರು ಸಹೋದರರನ್ನು ಬಲಿ ತೆಗೆದುಕೊಂಡಿತು. ಆ ನೋವನ್ನು ಹೊತ್ತು ಅಮೆರಿಕೆಗೆ ಹೋದರು. ಹೊಟ್ಟೆಪಾಡಿಗೆ ಆಸ್ಪತ್ರೆಯಲ್ಲಿ ಆಳಿನ ಕೆಲಸ ಮಾಡುತ್ತ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸಿದರು. ಅಲ್ಲಿ ಕಾಯಂ ಹುದ್ದೆ ಸಿಗಲಿಲ್ಲ. 1940ರಲ್ಲಿ ಲೆಡರ್ಲಿ ಔಷಧ ಕಂಪನಿಯ ಪ್ರಯೋಗಾಲಯ ಸೇರಿದರು. 1945ರಲ್ಲಿ ಅವರ ತಂಡ ಫೋಲಿಕ್ ಆಮ್ಲವನ್ನು ತಯಾರಿಸಿತು. ಸಹೋದರರನ್ನು ಕೊಂದ ಸ್ಪ್ರೂವಿಗೆ ಅದು ಮದ್ದಾಯಿತು.

ಹಾರ್ವರ್ಡಿನ ವೈದ್ಯ ಸಿಡ್ನಿ ಫಾರ್ಬರ್ ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಇದೇ ಬಗೆಯ ಔಷಧಿಯನ್ನು ರಕ್ತದ ಕ್ಯಾನ್ಸರ್ ಇದ್ದ ಮಕ್ಕಳಿಗೆ ಕೊಟ್ಟು ನೋಡಿದರು. ರೋಗ ಇನ್ನೂ ಹೆಚ್ಚಿತು! ಜೋಳಕ್ಕೆ ಹಾಕಿದ ಗೊಬ್ಬರ ಕಳೆಗೇ ದಕ್ಕಿದಂತಾಯಿತು. ಹಾಗಾದರೆ ಆ ಗೊಬ್ಬರವನ್ನೇ ತಡೆದರೆ ಹೇಗೆ? ಫೋಲಿಕ್ ಆಮ್ಲದಂತೆಯೇ ಕಂಡು ಅದರ ಕೆಲಸ ಕೆಡಿಸುವ ಅಮೈನಾಪ್ಟೆರಿನ್ ಎಂಬ ಔಷಧಿಯನ್ನು ಸುಬ್ಬರಾವ್ ಅವರ ತಂಡ ಒದಗಿಸಿತು. ಅದನ್ನು ಪಡೆದ 16 ಮಕ್ಕಳಲ್ಲಿ 10 ಮಕ್ಕಳು ಚೇತರಿಸಿಕೊಂಡರೆಂದು 1948ರಲ್ಲಿ ಫಾರ್ಬರ್ ಪ್ರಕಟಿಸಿದರು. ಆ ಚೇತರಿಕೆ ತಾತ್ಕಾಲಿಕವಾಗಿತ್ತು. ಅದೇ ವರ್ಷ ಆಗಸ್ಟಿನಲ್ಲಿ, 53ನೆಯ ವಯಸ್ಸಿನಲ್ಲಿ ಸುಬ್ಬರಾವ್ ತೀರಿಕೊಂಡರು.

ಕೆಲಸ ಅಲ್ಲಿಗೆ ನಿಲ್ಲಲಿಲ್ಲ. ಒಂದೇ ಔಷಧಿ ಸಾಲದೆಂದು ಅರಿತ ಮುಂದಿನ ಸಂಶೋಧಕರು ಹಲವನ್ನು ಕೂಡಿಸಿ, ಎರಡು ಮೂರು ವರ್ಷ ಕೊಡುವ ಕ್ರಮವನ್ನು ರೂಪಿಸಿದರು. ಅದೇ ಪ್ರಯೋಗಾಲಯದಿಂದ ಬಂದ ಮೆಥೊಟ್ರೆಕ್ಸೇಟ್ ಅವುಗಳಲ್ಲಿ ಇಂದಿಗೂ ಒಂದು. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರ್ ಒಳ್ಳೆಯ ಆಸ್ಪತ್ರೆಯಲ್ಲಿ ಪೂರ್ತಿ ಚಿಕಿತ್ಸೆಯಾದರೆ ಬಹುಪಾಲು ಗುಣವಾಗುತ್ತದೆ.

ಪೂರ್ತಿ ಎಂಬ ಮಾತನ್ನು ಗಮನಿಸಿರಿ. ಜ್ವರ ಇಳಿದು ಮಗು ಆಡತೊಡಗಿದೊಡನೆ, ಇನ್ನು ಸಾಕೆಂದು ಊರಿಗೆ ಮರಳುವ ತಂದೆತಾಯಿಯರಿದ್ದಾರೆ. ಆ 10 ಮಕ್ಕಳ ಚೇತರಿಕೆ ಏಕೆ ಉಳಿಯಲಿಲ್ಲ ಎಂಬುದನ್ನು ಅವರಿಗೆ ತಿಳಿಸಿರಿ. ನಿಮ್ಮ ಓಣಿಯಲ್ಲಿ ಅಂಥ ಮಗುವಿದ್ದರೆ ಬಸ್ಸಿನ ಖರ್ಚಿಗೆ ನೆರವಾಗಿರಿ, ಮುಂದಿನ ತಾರೀಖು ನೆನಪಿಸಿರಿ.