ನೀರ್ ಸಾಬ್: ಬೋರಿಂಗ್ ಹಾಕಿಸಿದ ಮಂತ್ರಿ, ಪಂಚಾಯ್ತಿಗೆ ಅಧಿಕಾರ ಕೊಟ್ಟ ಮಂತ್ರಿ

ಕಣಕುಂಬಿ (ತಾ. ಖಾನಾಪುರ): ಮಲಪ್ರಭೆ ಹುಟ್ಟುವ ಊರು ಕಣಕುಂಬಿ. ಮಳೆಗಾಲದಲ್ಲಿ ಇಲ್ಲಿ ಕೊಡೆ ಇಲ್ಲದೆ ಹೊರಗೆ ಕಾಲಿಡೋ ಹಾಗಿಲ್ಲ. ಆದರೆ ಬೇಸಿಗೆ ಬಂತೆಂದರೆ ತಾಲೂಕಿನ ಗುಡ್ಡದ ಊರುಗಳಲ್ಲಿ ನೀರಿನ ಚಿಂತೆ ಶುರು. ರಾಜ್ಯದ ಹಳ್ಳಿಹಳ್ಳಿಯಲ್ಲಿ ಕಾಣುವ ಕೈಪಂಪು, ನಮ್ಮ ಕಡೆ ಬೋರಿಂಗ್ ಅಂತಾರಲ್ಲ, ಅದರ ಮಾತು ಬಂದಾಗ ಹಿರಿಯರು ಇವತ್ತಿಗೂ ನೆನೆಯುವ ಹೆಸರು ಒಂದಿದೆ. ಅಬ್ದುಲ್ ನಜೀರ್‌ಸಾಬ್. ಜನ ಪ್ರೀತಿಯಿಂದ ಕರೆದದ್ದು ನೀರ್ ಸಾಬ್ ಅಂತ.

ಕಣಕುಂಬಿ ಗೋವಾ ಗಡಿಯಲ್ಲಿದ್ದರೆ ನಜೀರ್‌ಸಾಬ್ ಅವರ ಗುಂಡ್ಲುಪೇಟೆ ರಾಜ್ಯದ ಇನ್ನೊಂದು ತುದಿ. ಅದರಾಚೆ ಕೇರಳ, ತಮಿಳುನಾಡು. ಆಗ ಅದು ಮೈಸೂರು ಜಿಲ್ಲೆಯಲ್ಲಿತ್ತು. ವಿಧಾನ ಪರಿಷತ್ ಸದಸ್ಯರಾಗಿದ್ದ ಅವರಿಗೆ 1983ರಲ್ಲಿ ಬಂದ ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ, ಪಂಚಾಯತ್ ರಾಜ್ ಖಾತೆ ಸಿಕ್ಕಿತು. ದೊಡ್ಡ ಖಾತೆ ಬೇಕು ಅನ್ನೋರು ಕೇಳುವ ಖಾತೆ ಅಲ್ಲ ಅದು. ಬರಗಾಲದ ವರ್ಷಗಳು. ಹೆಣ್ಣುಮಕ್ಕಳು ಕೊಡ ಹೊತ್ತು ಮೈಲಿಗಟ್ಟಲೆ ನಡೆಯುತ್ತಿದ್ದ ಊರುಗಳಿಗೆ ಬೋರ್ ಕೊರೆಯುವ ಲಾರಿಗಳು ಬಂದವು. ಹೆಸರು ಬಂದದ್ದು ಹಾಗೆ.

ಬೋರ್ ಕೊರೆಸಿದರೆ ಮುಗಿಯಲಿಲ್ಲ. ಪಂಪಿನ ವಾಷರ್ ಸವೆದರೆ ಯಾರನ್ನು ಕೇಳಬೇಕು? ಅಲ್ಲಿಯವರೆಗೆ ನಡೆಯುತ್ತಿದ್ದದ್ದು 1959ರ ಕಾಯ್ದೆ. ಹಳ್ಳಿಗೆ ಪಂಚಾಯ್ತಿ, ತಾಲೂಕಿಗೆ ಬೋರ್ಡ್ ಇತ್ತು, ಜಿಲ್ಲಾ ಮಟ್ಟದ ಅಭಿವೃದ್ಧಿ ಪರಿಷತ್ತಿಗೆ ಮಾತ್ರ ಡಿಸಿಯವರೇ ಅಧ್ಯಕ್ಷರು. ಜನ ಆರಿಸಿದವರ ಕೈಯಲ್ಲಿ ದುಡ್ಡೂ ಕಡಿಮೆ, ಮಾತೂ ಕಡಿಮೆ.

ನಜೀರ್‌ಸಾಬ್ ಇದನ್ನೇ ಬದಲಿಸಲು ಹೊರಟರು. 1978ರ ಅಶೋಕ ಮೆಹ್ತಾ ಸಮಿತಿ ವರದಿಯ ದಾರಿಯಲ್ಲೇ ಹೊಸ ಮಸೂದೆ 1983ರಲ್ಲಿ ತಯಾರಾಯಿತು. ದೆಹಲಿಯಿಂದ ರಾಷ್ಟ್ರಪತಿ ಅಂಕಿತ ಬಿದ್ದು ವಾಪಸ್ ಬರುವಾಗ 1985. ಶಾಸಕರಿಗೆ ಒಳಗೊಳಗೇ ಅಸಮಾಧಾನ ಇತ್ತು. ಕ್ಷೇತ್ರದಲ್ಲಿ ರಸ್ತೆ, ಶಾಲೆ, ಬೋರ್ ಎಲ್ಲಾ ಬೇರೆಯವರ ಕೈಗೆ ಹೋದರೆ ಯಾರಿಗೆ ಹಿಡಿಸುತ್ತೆ? ಆದರೂ ಅವರು ಬಿಡಲಿಲ್ಲ.

1987ರ ಜನವರಿಯಲ್ಲಿ ಚುನಾವಣೆ ಆಯಿತು. ರಾಜ್ಯದಲ್ಲಿ 2,536 ಮಂಡಲ ಪಂಚಾಯ್ತಿ, 55 ಸಾವಿರಕ್ಕೂ ಹೆಚ್ಚು ಸದಸ್ಯರು. ಶೇ 25ರಷ್ಟು ಸೀಟು ಮಹಿಳೆಯರಿಗೆ. ಅಂದರೆ ಸುಮಾರು 14 ಸಾವಿರ ಹೆಣ್ಣುಮಕ್ಕಳು ಒಂದೇ ಸಲಕ್ಕೆ ಪಂಚಾಯ್ತಿ ಒಳಗೆ ಬಂದರು. ಹೆಂಡತಿ ಸದಸ್ಯೆ, ಸಭೆಯಲ್ಲಿ ಕೂರೋದು ಗಂಡ ಅನ್ನೋದು ಆಗಲೂ ಇತ್ತು, ಅದು ಬೇರೆ ಮಾತು. ದೇಶದ ಮಟ್ಟದಲ್ಲಿ ಮೂರನೇ ಒಂದು ಭಾಗ ಸೀಟು ಮಹಿಳೆಯರಿಗೆ ಅಂತ ಸಂವಿಧಾನಕ್ಕೆ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರಲ್ಲಿ.

ಜಿಲ್ಲೆಯಲ್ಲಂತೂ ಕುರ್ಚಿಯೇ ಅದಲುಬದಲು. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಅವರ ಕೈಕೆಳಗೆ ಮುಖ್ಯ ಕಾರ್ಯದರ್ಶಿಯಾಗಿ ಡಿಸಿಗಿಂತ ಸೀನಿಯರ್ ಐಎಎಸ್ ಅಧಿಕಾರಿ. ಫೈಲು ಹಿಡಿದು ಸಾಹೇಬರ ಬಾಗಿಲಲ್ಲಿ ನಿಂತಿರುತ್ತಿದ್ದ ಸದಸ್ಯರು ಈಗ ಸಭೆಯಲ್ಲಿ ಕೂತು ಅದೇ ಸಾಹೇಬರಿಂದ ಲೆಕ್ಕ ಕೇಳುವ ಹಾಗಾಯಿತು.

ನಜೀರ್‌ಸಾಬ್ ಇದನ್ನು ಹೆಚ್ಚು ದಿನ ನೋಡಲಿಲ್ಲ. 1988ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಪರಿಷತ್ತುಗಳಿಗೆ ಆಗ ಎರಡು ವರ್ಷವೂ ತುಂಬಿರಲಿಲ್ಲ. 1993ರ ಹೊಸ ಕಾಯ್ದೆಯಲ್ಲಿ ಮಂಡಲ ಹೋಗಿ ಗ್ರಾಮ ಪಂಚಾಯ್ತಿ ಬಂತು, ಪರಿಷತ್ತು ಜಿಲ್ಲಾ ಪಂಚಾಯ್ತಿ ಆಯಿತು. ಮೈಸೂರಿನಲ್ಲಿ ಪಂಚಾಯ್ತಿ ಸದಸ್ಯರಿಗೆ ತರಬೇತಿ ಕೊಡುವ ರಾಜ್ಯ ಸಂಸ್ಥೆಗೆ ಅವರದೇ ಹೆಸರಿದೆ.

ಬೆಳಗಾವಿ ಜಿಲ್ಲಾ ಪಂಚಾಯ್ತಿ, ಖಾನಾಪುರ ತಾಲೂಕು ಪಂಚಾಯ್ತಿ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ, ಅಧಿಕಾರಿಗಳದೇ ಆಡಳಿತ. ಬೋರಿಂಗ್ ಕೆಟ್ಟರೆ ಜನ ಪಿಡಿಒಗೆ ಫೋನ್ ಹಚ್ಚುತ್ತಾರೆ. ಅಲ್ಲಿ ಆಗದಿದ್ದರೆ ಮೇಲೆ ಹೋಗಿ ಕೇಳೋಕೆ ತಾಲೂಕಿನಲ್ಲೂ ಜಿಲ್ಲೆಯಲ್ಲೂ ಓಟು ಹಾಕಿ ಕಳಿಸಿದ ಸದಸ್ಯರ ಕುರ್ಚಿ ಖಾಲಿ.