ಮುರಕಲ್ಲಿಗೆ ಹೆಸರಿಟ್ಟ ವೈದ್ಯರು

ನಮ್ಮ ಬ್ರಹ್ಮಾವರ, ಕುಂದಾಪುರ, ಬೈಂದೂರಿನ ಕಡೆಗಳಲ್ಲಿ ಹಳೆಯ ಮನೆಗಳ ಗೋಡೆಯೂ ಬಾವಿಯ ಕಟ್ಟೆಯೂ ಬಹುತರವಾಗಿ ಮುರಕಲ್ಲಿನವೇ. ಲೋಕದ ಭೂವಿಜ್ಞಾನಿಗಳು ಈ ಕಲ್ಲನ್ನು ‘ಲ್ಯಾಟರೈಟ್’ ಎಂದು ಕರೆಯುತ್ತಾರೆ. ಆ ಹೆಸರನ್ನು ಕೊಟ್ಟವರು ಇದೇ ದಾರಿಯಾಗಿ ಹಾದುಹೋದ ಒಬ್ಬ ವೈದ್ಯರೆಂಬುದು ನಮ್ಮ ಪೂರ್ವವಿದ್ಯಾರ್ಥಿನಿಯರಲ್ಲಿ ಅನೇಕರಿಗೆ ತಿಳಿಯದಿರಬಹುದು.

ಫ್ರಾನ್ಸಿಸ್ ಬುಕಾನನರು 1762ರಲ್ಲಿ ಸ್ಕಾಟ್ಲೆಂಡಿನಲ್ಲಿ ಜನಿಸಿ, ಎಡಿನ್‌ಬರೋದಲ್ಲಿ ವೈದ್ಯಶಾಸ್ತ್ರವನ್ನು ಕಲಿತು, 1794ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಬಂಗಾಳದ ವೈದ್ಯಸೇವೆಯನ್ನು ಸೇರಿದರು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ತರುವಾಯ, ಹೊಸದಾಗಿ ಕೈಸೇರಿದ ಸೀಮೆಗಳ ಬೆಳೆ, ಕೈಗಾರಿಕೆ, ವ್ಯಾಪಾರಗಳನ್ನು ವಿಚಾರಿಸಿ ಬರೆಯುವ ಕೆಲಸವನ್ನು ಗವರ್ನರ್ ಜನರಲ್ ವೆಲ್ಲೆಸ್ಲಿಯವರು ಅವರಿಗೆ ವಹಿಸಿದರು. ಕಂಪೆನಿಯ ಲಾಭವೇ ಅದರ ಉದ್ದೇಶವೆಂಬುದನ್ನು ಮರೆಮಾಚಬೇಕಾಗಿಲ್ಲ. ಬುಕಾನನರ ಕಣ್ಣು ಮಾತ್ರ ಅಷ್ಟರಲ್ಲಿಯೇ ನಿಲ್ಲಲಿಲ್ಲ.

1800ರಲ್ಲಿ ಮದ್ರಾಸಿನಿಂದ ಹೊರಟು ಮೈಸೂರು ಸೀಮೆಯನ್ನು ಸುತ್ತಿ ಮಲಬಾರಿಗೆ ಇಳಿದ ಅವರು, ಅಂಗಾಡಿಪುರದ ಬಳಿ ಈ ಕಲ್ಲನ್ನು ಪರೀಕ್ಷಿಸಿದರು. ನೆಲದೊಳಗಿರುವಾಗ ಮೆತ್ತಗಿದ್ದು, ಕಡಿದು ಗಾಳಿಗಿಟ್ಟ ಮೇಲೆ ಇಟ್ಟಿಗೆಯಂತೆ ಗಟ್ಟಿಯಾಗುವುದನ್ನು ಕಂಡು, ಲ್ಯಾಟಿನಿನಲ್ಲಿ ಇಟ್ಟಿಗೆಗಿರುವ ಶಬ್ದದಿಂದಲೇ ಅದರ ಹೆಸರನ್ನು ಮಾಡಿದರು. ಅದರಲ್ಲಿ ಕಬ್ಬಿಣವು ಕೆಂಪು, ಹಳದಿ ಕಾವಿಯ ರೂಪದಲ್ಲಿ ಹೇರಳವಾಗಿರುವುದನ್ನೂ ಗುರುತಿಸಿದರು. 1801ರ ಆರಂಭದಲ್ಲಿ ನಮ್ಮ ಊರುಗಳನ್ನು ದಾಟಿ ಉತ್ತರಕ್ಕೆ ನಡೆದರು.

ಆ ಕಾವಿಯ ಗುಟ್ಟನ್ನು ಅವರು ಬಿಡಿಸಲಾರದೆ ಹೋದರು. ಎಲೆಕ್ಟ್ರಾನ್ ಎಂಬ ಹೆಸರೇ ಆಗ ಹುಟ್ಟಿರಲಿಲ್ಲ. ಕಬ್ಬಿಣವು ಸಂಕ್ರಮಣ ಲೋಹಗಳಲ್ಲೊಂದು. ಇಂಥವುಗಳಲ್ಲಿ ಹೆಚ್ಚಿನವು ಒಂದಕ್ಕಿಂತ ಹೆಚ್ಚು ಉತ್ಕರ್ಷಣ ಸ್ಥಿತಿಗಳಲ್ಲಿ ಇರಬಲ್ಲವು. ಎರಡು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಫೆರಸ್ ಕಬ್ಬಿಣವು ನೀರಿನಲ್ಲಿ ಕರಗಿ ಹರಿಯುತ್ತದೆ. ಗಾಳಿಯ ಆಮ್ಲಜನಕವು ಮೂರನೆಯದನ್ನೂ ಸೆಳೆದುಕೊಂಡರೆ ಅದು ಫೆರಿಕ್ ಆಗಿ, ಕರಗದೆ, ಕಾವಿಯಾಗಿ ನೆಲೆನಿಲ್ಲುತ್ತದೆ. ಕಡಿದ ಕಲ್ಲು ಗಟ್ಟಿಯಾಗುವುದು ಮುಖ್ಯವಾಗಿ ಈ ಫೆರಿಕ್ ಕಾವಿಯು ತೇವವಾರಿ ಹರಳುಗಟ್ಟುವುದರಿಂದ. ಕೆಲವು ಬಾವಿಗಳ ನೀರು ಸೇದುವಾಗ ತಿಳಿಯಾಗಿದ್ದು ಬೆಳಗಾಗುವಷ್ಟರಲ್ಲಿ ಕೊಡಪಾನದ ತಳದಲ್ಲಿ ಕಂದು ಗಸಿಯನ್ನು ಬಿಡುವುದೂ ಫೆರಸ್ ಫೆರಿಕ್ ಆಗುವುದರಿಂದಲೇ. ಪಾಠದ ಸಮೀಕರಣವನ್ನು ಮರೆತ ಹುಡುಗಿಯರು ಕೊಡಪಾನವನ್ನು ತಿಕ್ಕಿದ ಕಷ್ಟವನ್ನಂತೂ ಮರೆತಿರಲಾರರು!

ಈ ಪ್ರಯಾಣದ ವೃತ್ತಾಂತವು 1807ರಲ್ಲಿ ಮೂರು ಸಂಪುಟಗಳಾಗಿ ಲಂಡನಿನಲ್ಲಿ ಅಚ್ಚಾಯಿತು. ಆ ಬಳಿಕ ಅವರು ಏಳು ವರ್ಷ ಬಂಗಾಳ ಪ್ರಾಂತವನ್ನು ಅಳೆದು ಬರೆದರು. 1815ರಲ್ಲಿ ಸ್ವದೇಶಕ್ಕೆ ಮರಳುವಾಗ, ಬಹುಶ್ರಮದಿಂದ ಬರೆಯಿಸಿದ್ದ ಚಿತ್ರಗಳನ್ನು ಸರಕಾರವು ಕಲ್ಕತ್ತದಲ್ಲಿಯೇ ಉಳಿಸಿಕೊಂಡದ್ದು ಅವರಿಗೆ ಬಹಳ ನೋವನ್ನುಂಟುಮಾಡಿತು. ತಾಯಿಯ ಕಡೆಯ ಆಸ್ತಿಯೊಂದಿಗೆ ಹ್ಯಾಮಿಲ್ಟನ್ ಎಂಬ ಹೆಸರನ್ನೂ ಪಡೆದು, 1829ರಲ್ಲಿ ಸ್ಕಾಟ್ಲೆಂಡಿನಲ್ಲಿ ತೀರಿಕೊಂಡರು.